ವನ್ಯಜೀವಿ, ಡೈನೋಸಾರ್, ಬಾಹ್ಯಾಕಾಶದ ಸಾಕ್ಷ್ಯಚಿತ್ರ ಮಾಡಲು ಮೊದಲು ವಿಜ್ಞಾನ ಓದಬೇಕೇ, ಸಿನಿಮಾ ಕಲಿಯಬೇಕೇ?

ಬಿ.ಎಸ್ಸಿ. ಮುಗಿಸಿರುವ ನೀವು, ಕೈಯಲ್ಲಿರುವ ಹಣವನ್ನು ಎಂ.ಎಸ್ಸಿ.ಗೆ ಹಾಕುವುದೋ ಕ್ಯಾಮೆರಾಕ್ಕೆ ಹಾಕುವುದೋ ಎಂದು ಕೇಳಿದ್ದೀರಿ. ನಾನು ಕ್ಯಾಮೆರಾಕ್ಕೆ ಹಾಕಿದೆ. ಅದರೊಂದಿಗೆ ಪ್ರಖರವಾದ ಎಲ್‌ಇಡಿ ದೀಪಗಳನ್ನೂ ಕೊಂಡು, ಕುಂಬಾರ ಕಪ್ಪೆಯನ್ನು ಚಿತ್ರಿಸಲು ಮಳೆಗಾಲದಲ್ಲಿ ಉತ್ತರ ಕನ್ನಡಕ್ಕೆ ಹೋದೆ.

ಕಪ್ಪೆಗಳ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದ ಕಪ್ಪೆ ಇದು. ಕತ್ತಲೆಕಾನಿನಂತಹ ಕಾಡಿನ ತೊರೆಗಳಲ್ಲಿ, ರಾತ್ರಿಯ ಹೊತ್ತು, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ತಳದಿಂದ ಮುಂಗಾಲುಗಳಲ್ಲಿ ಕೆಸರು ತೆಗೆದು, ಹಿಂಗಾಲುಗಳ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಇಂತಹ ದೃಶ್ಯ ನಮ್ಮದೇ ಕಾಡಿನಲ್ಲಿ ನಡೆಯುತ್ತದೆಂಬುದು ಇಂದಿಗೂ ನನ್ನನ್ನು ರೋಮಾಂಚನಗೊಳಿಸುತ್ತದೆ.

ನನ್ನ ತಪ್ಪು ದೀಪದ್ದು. ಕೂಗು ಕೇಳಿದ ಕೂಡಲೇ ಫೋಕಸ್ ಸಿಗಲೆಂದು ದೀಪ ಹಚ್ಚಿದೆ, ಕೂಗು ನಿಂತಿತು. ಅದನ್ನು ಕಾಕತಾಳೀಯವೆಂದು ತಿಳಿದು, ದೀಪ ಆರಿಸದೆಯೇ ಕಾದೆ. ಕತ್ತಲೆಗೆ ಹೊಂದಿಕೊಂಡ ಕಣ್ಣು ಪ್ರಖರ ಬೆಳಕಿನ ನಂತರ ಮೊದಲಿನ ಸ್ಥಿತಿಗೆ ಮರಳಲು ಬಹಳ ಹೊತ್ತು ಬೇಕಾಗುತ್ತದೆಂದು ನಾನು ಯೋಚಿಸಲೇ ಇಲ್ಲ. ಗಂಡು ಕೂಗದಿದ್ದರೆ ಹೆಣ್ಣಿಗೆ ಅದರ ನೆಲೆ ತಿಳಿಯುವುದಿಲ್ಲ, ಹೆಣ್ಣು ಬಾರದಿದ್ದರೆ ಮೊಟ್ಟೆಯಿಲ್ಲ, ಮೊಟ್ಟೆಯಿಲ್ಲದಿದ್ದರೆ ನಾನು ಹುಡುಕಿಕೊಂಡು ಹೋಗಿದ್ದ ಆ ಕೆಸರಿನ ಕೆಲಸವೂ ಇಲ್ಲ. ಸಾಲದೆಂಬಂತೆ ದೀಪದ ಸ್ಟ್ಯಾಂಡ್ ಸರಿಸಲು ತೊರೆಯಲ್ಲಿ ಓಡಾಡಿ ನೀರನ್ನು ರಾಡಿ ಮಾಡಿದೆ. ಬೇಕಾಗಿದ್ದುದು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಲ್ಲಿ ಚಿತ್ರಿಸುವ ಸಾಧಾರಣ ಹ್ಯಾಂಡಿಕ್ಯಾಮ್ ಮತ್ತು ಒಂದೆಡೆ ಕದಲದೆ ಕೂರುವ ಅಭ್ಯಾಸ. ಪತ್ರಿಕೆಯ ಸುದ್ದಿಯನ್ನಷ್ಟೇ ಓದಿ ಹೋಗಿದ್ದ ನಾನು, ಸಂಶೋಧನಾ ಪ್ರಬಂಧವನ್ನು ತೆರೆದೂ ನೋಡಿರಲಿಲ್ಲ. ಮಳೆಗಾಲ ಕಳೆಯಿತು, ಚಿತ್ರಕ್ಕೆ ಹಣ ಕೊಡಲು ಒಪ್ಪಿದ್ದವರು ಹಿಂದೆ ಸರಿದರು.

ಆದ್ದರಿಂದ ವಿಜ್ಞಾನವೋ ಸಿನಿಮಾವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೀಪ ಎಲ್ಲಿಡಬೇಕೆಂಬುದನ್ನು ಕಪ್ಪೆಯ ಕಣ್ಣು ನಿರ್ಧರಿಸುತ್ತದೆ. ಡೈನೋಸಾರ್‌ಗಳ ವಿಷಯದಲ್ಲೂ ಹಾಗೆಯೇ: ಚೀನಾದ ಸೈನೋಸಾರಾಪ್ಟೆರಿಕ್ಸ್‌ನ ಬಾಲದಲ್ಲಿ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವೆಂದು ಅದರ ಪಳೆಯುಳಿಕೆಯಲ್ಲಿ ಉಳಿದಿದ್ದ ವರ್ಣಕಣಗಳ ಆಧಾರದಿಂದ 2010ರಲ್ಲಿ ವಿಜ್ಞಾನಿಗಳು ಹೇಳಿದ ಮೇಲೆ, ಆ ಪ್ರಾಣಿಗೆ ಮನಸ್ಸಿಗೆ ಬಂದ ಬಣ್ಣ ಬಳಿಯುವ ಹಕ್ಕು ಚಿತ್ರಕಾರನಿಗಿಲ್ಲ. ಕೆಲವೊಮ್ಮೆ ಸಿನಿಮಾವೇ ವಿಜ್ಞಾನಕ್ಕೆ ನೆರವಾಗುತ್ತದೆ. ‘ಇಂಟರ್‌ಸ್ಟೆಲ್ಲರ್’ ಚಿತ್ರದ ಕಪ್ಪುಕುಳಿಯನ್ನು ಭೌತವಿಜ್ಞಾನಿ ಕಿಪ್ ಥಾರ್ನ್ ಅವರ ಸಮೀಕರಣಗಳಿಂದ ರೂಪಿಸಿದ ಗ್ರಾಫಿಕ್ಸ್ ತಂಡ, ಅವರೊಂದಿಗೆ ಸೇರಿ 2015ರಲ್ಲಿ ಸಂಶೋಧನಾ ಪ್ರಬಂಧವನ್ನೇ ಪ್ರಕಟಿಸಿತು.

ಮೂರೂ ವಿಷಯಗಳನ್ನು ಒಟ್ಟಿಗೆ ಹಿಡಿಯುವ ಆಸೆಯನ್ನು ಸದ್ಯಕ್ಕೆ ಬಿಡಿ. ಒಂದೇ ಜೀವಿಯನ್ನು ಆರಿಸಿಕೊಂಡು, ಅದನ್ನು ಅಧ್ಯಯನ ಮಾಡುತ್ತಿರುವ ಸಂಶೋಧಕರಿಗೆ ಪತ್ರ ಬರೆದು, ಒಂದು ಋತುವಿನುದ್ದಕ್ಕೂ ಅವರ ಜೊತೆಯಲ್ಲಿ ನೋಟ್‌ಬುಕ್ ಹಿಡಿದು ನಡೆಯಿರಿ. ಕ್ಯಾಮೆರಾವನ್ನು ಆ ನಂತರ ಕೊಳ್ಳಿ, ಏಕೆಂದರೆ ಯಾವುದು ಬೇಕೆಂದು ಆಗ ನಿಮಗೇ ಗೊತ್ತಿರುತ್ತದೆ. ಕಾಡಿನಲ್ಲಿ ಚಿತ್ರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಪ್ಪೆಗಳನ್ನೇ ಆರಿಸಿಕೊಳ್ಳುವುದಾದರೆ ಮುಂಗಾರಿಗೆ ಬಹಳ ಮೊದಲೇ ಅರ್ಜಿ ಹಾಕಿ.