ಆನ್‌ಲೈನ್‌ನಲ್ಲಿ ಬಟ್ಟೆ ತರಿಸುವಾಗ ಸರಿಯಾದ ಸೈಜ್ ಆರಿಸೋದು ಹೇಗೆ? ಒಂದರಲ್ಲಿ ಎಂ ಸರಿಹೋದರೆ ಇನ್ನೊಂದರಲ್ಲಿ ಎಕ್ಸ್‌ಎಲ್ಲೂ ಟೈಟ್ ಆಗ್ತಿದೆ

ನೀವು ಕೇಳಿರೋದು ಒಂದಲ್ಲ, ಮೂರು ಪ್ರಶ್ನೆ. ಎಲೆಕ್ಟ್ರಾನಿಕ್ ಸಿಟಿಯ ಪಿಜಿಯಲ್ಲಿದ್ದೀರಿ, ಕೆಲಸ ಹೊಸದು, ಅಂಗಡಿ ಸುತ್ತೋಕೆ ಪುರುಸೊತ್ತಿಲ್ಲ, ಎಲ್ಲ ಆ್ಯಪ್‌ನಲ್ಲೇ ತರಿಸ್ತೀರಿ. ಒಂದು ಬ್ರ್ಯಾಂಡಿನ ಎಂ ಕುರ್ತಿ ಹೇಳಿ ಹೊಲಿಸಿದ ಹಾಗೆ ಕೂರುತ್ತೆ, ಇನ್ನೊಂದರ ಎಕ್ಸ್‌ಎಲ್ ಟಾಪು ಕಂಕುಳಲ್ಲಿ ಹಿಡಿಯುತ್ತೆ. ಸೈಜ್ ಚಾರ್ಟ್ ನಂಬಬಹುದಾ, ಯಾವುದಕ್ಕೂ ಒಂದು ಸೈಜ್ ದೊಡ್ಡದು ಹಾಕಿಬಿಡೋದು ವಾಸಿನಾ, ಮುಂದಿನ ವಾರದ ಆಫೀಸ್ ಪಾರ್ಟಿಗೆ ಡ್ರೆಸ್ ತರಿಸಲಾ ಅಂತ ಕೇಳಿದ್ದೀರಿ.

ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿ ಇದ್ದವಳು. ಈಗ ವಿಜಯನಗರದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೀನಿ. ಕೊರಿಯರ್ ಕವರ್ ಸಮೇತ ಬಟ್ಟೆ ಹಿಡ್ಕೊಂಡು ಬಂದು "ಇದನ್ನ ಏನಾದ್ರೂ ಮಾಡಿಕೊಡಿ" ಅನ್ನೋರೇ ಈಗ ಜಾಸ್ತಿ. ಹಾಗಾಗಿ ಬಟ್ಟೆ ತಯಾರಾಗೋ ಜಾಗ, ಬಟ್ಟೆ ಸರಿಹೋಗದೆ ಬಂದು ಬೀಳೋ ಜಾಗ, ಎರಡನ್ನೂ ನೋಡಿದ್ದೀನಿ.

ಮೊದಲು ಸೈಜಿನ ಅಕ್ಷರದ ವಿಷಯ. ಲೇಬಲ್ ಮೇಲೆ ಎಂ ಅಂತ ಬರೆಯೋಕೆ ಯಾವ ಕಂಪನಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಜಾರಾ ಸ್ಪೇನಿನದು, ಎಚ್ ಅಂಡ್ ಎಂ ಸ್ವೀಡನ್ನಿನದು, ಯುನಿಕ್ಲೋ ಜಪಾನಿನದು, ಜುಡಿಯೋ ಟಾಟಾದವರ ಟ್ರೆಂಟ್ ಕಂಪನಿಯದು. ಒಬ್ಬೊಬ್ಬರೂ ತಮ್ಮ ಗಿರಾಕಿ ಹೀಗಿರ್ತಾಳೆ ಅಂತ ಒಂದು ಮೈಕಟ್ಟು ಇಟ್ಟುಕೊಂಡು ಶುರು ಮಾಡ್ತಾರೆ. ನಂಬರ್ ಹಾಕಿದ್ರೂ ಅದೇ ಕಥೆ: ಇಟಲಿಯ 40, ಫ್ರಾನ್ಸಿನ 36, ಬ್ರಿಟನ್ನಿನ 8, ಮೂರೂ ಹೆಚ್ಚುಕಮ್ಮಿ ಒಂದೇ ಮೈಗೆ. ಅಮೆರಿಕದಲ್ಲಿ ಹೆಂಗಸರ ಸೈಜಿಗೆ 1958ರಲ್ಲಿ ಸರ್ಕಾರದ ಕಡೆಯಿಂದಲೇ ಒಂದು ಮಾನದಂಡ ಬಂದಿತ್ತು, 1983ರಲ್ಲಿ ಅದನ್ನೂ ಕೈಬಿಟ್ಟರು. ನಮ್ಮಲ್ಲಿ ಕೇಂದ್ರ ಸರ್ಕಾರದ ಫ್ಯಾಷನ್ ಕಾಲೇಜು ನಿಫ್ಟ್‌ನವರು ಇಂಡಿಯಾಸೈಜ್ ಅನ್ನೋ ಯೋಜನೆ ಕೈಗೆತ್ತಿಕೊಂಡರು. ಬೆಂಗಳೂರೂ ಸೇರಿ ಆರು ಊರುಗಳಲ್ಲಿ 15ರಿಂದ 65 ವಯಸ್ಸಿನ ಸುಮಾರು 25 ಸಾವಿರ ಜನರನ್ನ ಸ್ಕ್ಯಾನರ್‌ನಲ್ಲಿ ನಿಲ್ಲಿಸಿ ಮೈ ಅಳತೆ ತೆಗೆಯೋದು ಅದರ ಉದ್ದೇಶ. ಒಳ್ಳೇ ಕೆಲಸವೇ. ಆದರೆ ನೀವು ಈ ಹೊತ್ತು ಆ್ಯಪ್ ತೆರೆದರೆ ಕಾಣೋದು ಆಯಾ ಕಂಪನಿಯ ಚಾರ್ಟೇ.

ಫ್ಯಾಕ್ಟರಿಯಲ್ಲಿ ಏನಾಗುತ್ತೆ ಅಂದ್ರೆ, ಸಾಮಾನ್ಯವಾಗಿ ಎಸ್ ಅಥವಾ ಎಂ ಸೈಜಿನ ಒಂದು ಪೀಸನ್ನ ಫಿಟ್ ಮಾಡೆಲ್, ಅಂದ್ರೆ ಅಳತೆ ನೋಡೋಕೆ ಅಂತಲೇ ಇಟ್ಟುಕೊಂಡವರ ಮೈಮೇಲೆ ಹಾಕಿ ಸರಿಮಾಡ್ತಾರೆ. ಮಿಕ್ಕ ಸೈಜುಗಳೆಲ್ಲ ಲೆಕ್ಕದಲ್ಲಿ ಬರ್ತವೆ. ಎದೆಗೆ ಇಷ್ಟು, ಭುಜಕ್ಕೆ ಇಷ್ಟು, ಉದ್ದಕ್ಕೆ ಇಷ್ಟು ಅಂತ ಏರಿಸ್ತಾ ಇಳಿಸ್ತಾ ಹೋಗೋದು. ಇದಕ್ಕೆ ಗ್ರೇಡಿಂಗ್ ಅಂತಾರೆ. ನಮ್ಮ ಮೈ ಆ ಲೆಕ್ಕದಲ್ಲಿ ದಪ್ಪ ಆಗಲ್ಲವಲ್ಲ! ಎದೆ, ಹೊಟ್ಟೆ ತುಂಬಿಕೊಂಡಷ್ಟು ಭುಜದ ಮೂಳೆ ಅಗಲ ಆಗೋದಿಲ್ಲ. ಡಬಲ್ ಎಕ್ಸ್‌ಎಲ್ ಹಾಕುವವರಿಗೆ ಎದೆ ಸರಿಹೋದರೂ ಕುತ್ತಿಗೆ ಜಾರೋದು, ಭುಜ ಕೆಳಗಿಳಿಯೋದು ಇದಕ್ಕೇ. ಸಮಸ್ಯೆ ಅವರ ಮೈಯಲ್ಲಿಲ್ಲ.

ಇನ್ನೊಂದು ಸಂಗತಿ ಹೊರಗಿನವರಿಗೆ ಗೊತ್ತಿರಲ್ಲ. ಚೆಕಿಂಗ್ ಟೇಬಲ್ ಮೇಲೆ ಟೀ ಶರ್ಟನ್ನ ಎಳೆಯದೆ ಸಪಾಟಾಗಿ ಹಾಸಿ, ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಟೇಪ್ ಹಿಡಿತೀವಿ. ಸ್ಪೆಕ್ ಶೀಟಲ್ಲಿ, ಅಂದ್ರೆ ಅಳತೆ ಪಟ್ಟಿಯಲ್ಲಿ 46 ಸೆಂಟಿಮೀಟರ್ ಅಂತಿದ್ದು, ಟಾಲರೆನ್ಸ್ (ಒಪ್ಪಬಹುದಾದ ಹೆಚ್ಚುಕಮ್ಮಿ) ಆಚೆ ಈಚೆ 1 ಸೆಂಟಿಮೀಟರ್ ಅಂತ ಕೊಟ್ಟಿದ್ದರೆ 45 ಬಂದಿದ್ದೂ ಪಾಸ್, 47 ಬಂದಿದ್ದೂ ಪಾಸ್. ಸುತ್ತಳತೆಗೆ ಅದನ್ನ ಎರಡರಿಂದ ಗುಣಿಸಿ. ಒಂದು 90, ಇನ್ನೊಂದು 94. ಒಂದು ಸೈಜಿಗೂ ಇನ್ನೊಂದಕ್ಕೂ ಇರೋ ವ್ಯತ್ಯಾಸವೇ ಎಷ್ಟೋ ಕಡೆ 4ರಿಂದ 5 ಸೆಂಟಿಮೀಟರ್. ಅಂದ್ರೆ ಒಂದೇ ಕಂಪನಿ, ಒಂದೇ ಡಿಸೈನು, ಒಂದೇ ಎಂ; ನಿಮ್ಮ ರೂಮ್‌ಮೇಟ್‌ಗೆ ಬಂದಿದ್ದು ಸಡಿಲ, ನಿಮಗೆ ಬಂದಿದ್ದು ಬಿಗಿ. ಯಾರೂ ಮೋಸ ಮಾಡಿಲ್ಲ, ಎರಡೂ ಪಾಸಾದ ಮಾಲೇ. ಬಣ್ಣ ಬೇರೆಯಾದರೆ ಬಟ್ಟೆಯ ಲಾಟೂ ಬೇರೆ. ಜೀನ್ಸಲ್ಲಂತೂ ವಾಷ್, ಅಂದ್ರೆ ಬಣ್ಣದ ಕಳೆ ಬರಿಸೋಕೆ ಫ್ಯಾಕ್ಟರಿಯಲ್ಲೇ ಒಗೆಯೋ ರೀತಿ ಬದಲಾದ್ರೆ ಫಿಟಿಂಗೇ ಬದಲಾಗುತ್ತೆ. ನೀಲಿ ಸರಿಹೋಯ್ತು ಅಂತ ಕಣ್ಣುಮುಚ್ಚಿ ಕಪ್ಪು ತರಿಸಬೇಡಿ.

ಹಾಗಾದ್ರೆ ಚಾರ್ಟ್ ನಂಬಬೇಕಾ? ನಂಬಿ, ಆದರೆ ಅದು ಯಾವುದರ ಅಳತೆ ಅಂತ ಮೊದಲು ನೋಡಿ. ಚಾರ್ಟುಗಳು ಎರಡು ಥರ. ಒಂದರಲ್ಲಿ ಮೈಯ ಅಳತೆ ಇರುತ್ತೆ, "ಟು ಫಿಟ್" ಅಂತ ಬರೆದಿರ್ತಾರೆ. ಇನ್ನೊಂದರಲ್ಲಿ ಬಟ್ಟೆಯದ್ದೇ ಅಳತೆ, "ಗಾರ್ಮೆಂಟ್ ಮೆಷರ್‌ಮೆಂಟ್" ಅಂತ ಇರುತ್ತೆ. 38 ಅಂತ ನೋಡಿ, ನನ್ನ ಎದೆ ಸುತ್ತಳತೆಯೂ 38 ಇಂಚು ಅಂತ ಕುರ್ತಿ ತರಿಸ್ತೀರಿ. ಅದು ಬಟ್ಟೆಯ ಅಳತೆ ಆಗಿದ್ದರೆ ಮೈಗೆ ಅಂಟಿಕೊಂಡು ಕೂರುತ್ತೆ, ಕೈ ಎತ್ತೋಕೂ ಆಗಲ್ಲ. ಹಿಗ್ಗದ ಬಟ್ಟೆಗೆ, ಅಂದ್ರೆ ಕಾಟನ್, ಲಿನನ್, ರೇಯಾನ್ ಕುರ್ತಿಗೆ ಮೈ ಅಳತೆಗಿಂತ 2ರಿಂದ 4 ಇಂಚು ಜಾಸ್ತಿ ಬೇಕೇ ಬೇಕು. ಬಿಎಂಟಿಸಿ ಬಸ್ಸಲ್ಲಿ ಮೇಲಿನ ಕಂಬಿ ಹಿಡ್ಕೊಂಡು ನಿಲ್ಲೋರಾದರೆ 3ಕ್ಕಿಂತ ಕಮ್ಮಿ ಬೇಡ ಅಂತೀನಿ. ಎಲಾಸ್ಟೇನ್ ಅನ್ನೋ ಹಿಗ್ಗೋ ನೂಲು ಬೆರೆತ ನಿಟ್ (ಹೆಣೆದ) ಬಟ್ಟೆ, ರಿಬ್ ಟಾಪು ಇಂಥವಕ್ಕೆ ಈ ಲೆಕ್ಕ ಇಲ್ಲ. ಅವು ಮೈಗಿಂತ ಚಿಕ್ಕದಿದ್ದರೂ ಹಿಗ್ಗಿ ಕೂರ್ತವೆ.

ಇದಕ್ಕಿಂತ ಸುಲಭದ ದಾರಿ ಇದೆ. ನಿಮಗೆ ತುಂಬ ಚೆನ್ನಾಗಿ ಕೂರೋ ಒಂದು ಕುರ್ತಿ, ಒಂದು ಟಾಪು, ಒಂದು ಜೀನ್ಸ್ ತಗೊಳ್ಳಿ. ಮಂಚದ ಮೇಲೆ ಹಾಸಿ, ಸುಕ್ಕು ಸರಿಮಾಡಿ, ಅಳೆದು ಫೋನಲ್ಲಿ ಬರೆದಿಟ್ಟುಕೊಳ್ಳಿ, ಹೊಸದು ತರಿಸುವಾಗ ಬಟ್ಟೆಯ ಅಳತೆ ಇರೋ ಚಾರ್ಟಿನ ಜೊತೆ ಹೋಲಿಸಿ ನೋಡಿ. ಮೇಲಿನ ಬಟ್ಟೆಗೆ ಎದೆ, ಭುಜ, ಉದ್ದ, ಸೀಟು (ಹಿಂಭಾಗ ದಪ್ಪ ಇರೋ ಕಡೆಯ ಅಳತೆ). ಪ್ಯಾಂಟಿಗೆ ಸೊಂಟ, ಸೀಟು, ತೊಡೆ, ಒಳಗಿನ ಉದ್ದ, ಆಮೇಲೆ ಎರಡು ಕಾಲು ಸೇರೋ ಹೊಲಿಗೆಯಿಂದ ಮೇಲಿನ ಬೆಲ್ಟ್ ಪಟ್ಟಿವರೆಗೆ ಎಷ್ಟು ಅನ್ನೋದು. ಈ ಕೊನೇದನ್ನ ಯಾರೂ ನೋಡಲ್ಲ, ಜೀನ್ಸ್ ಹಾಳಾಗೋದೇ ಅಲ್ಲಿ. ಹೈ ವೇಸ್ಟ್ ಆದರೆ ಪಟ್ಟಿ ಹೊಕ್ಕುಳ ಹತ್ತಿರ ಕೂರುತ್ತೆ, ಲೋ ವೇಸ್ಟ್ ಆದರೆ ಕೆಳಗೆ ದಪ್ಪ ಇರೋ ಜಾಗದಲ್ಲಿ ಕೂರುತ್ತೆ. ಒಬ್ಬಳೇ ಹುಡುಗಿಗೆ ಒಂದರಲ್ಲಿ 28, ಇನ್ನೊಂದರಲ್ಲಿ 31 ಬೇಕಾದರೆ ಆಶ್ಚರ್ಯ ಇಲ್ಲ. ಟೇಪು ಚಿಕ್ಕಪೇಟೆವರೆಗೆ ಹೋಗಿ ತರಬೇಕಾಗಿಲ್ಲ, ದಾರ ಗುಂಡಿ ಮಾರೋ ಯಾವ ಅಂಗಡಿಯಲ್ಲೂ ಸಿಗುತ್ತೆ. ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್ ಇರೋದನ್ನ ತಗೊಳ್ಳಿ, ಗುಣಾಕಾರ ಮಾಡೋ ಕೆಲಸ ಉಳಿಯುತ್ತೆ.

ಈಗ ಎರಡನೇ ಪ್ರಶ್ನೆ, ಒಂದು ಸೈಜ್ ದೊಡ್ಡದು ತಗೊಳ್ಳೋದು. ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಎರಡು ಸೈಜಿನ ನಡುವೆ ಇದ್ದರೆ ದೊಡ್ಡದೇ ತಗೊಳ್ಳಿ. ಯಾಕೆ ಅಂತ ನೋಡಬೇಕಾದರೆ ನಿಮ್ಮ ಆನ್‌ಲೈನ್ ಟಾಪೊಂದನ್ನ ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆ ನೋಡಿ. ಓವರ್‌ಲಾಕ್ ಮಿಷನ್ನು ಹೊಲಿಯುವಾಗಲೇ ಅಂಚನ್ನ ಕತ್ತರಿಸಿಕೊಂಡು ಹೋಗಿರುತ್ತೆ, ಉಳಿಯೋದು ಸುಮಾರು 1 ಸೆಂಟಿಮೀಟರ್. ಆಮೇಲೆ ನಿಮ್ಮೂರಿನ ಟೈಲರ್ ಹೊಲಿದುಕೊಟ್ಟ ಬ್ಲೌಸನ್ನ ತಿರುಗಿಸಿ. ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಬಟ್ಟೆ ಒಳಗೇ ಮಡಚಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿರ್ತಾರೆ. ದಪ್ಪ ಆದರೆ ಒಂದು ಸಾಲು ಬಿಚ್ಚಿದ್ರೆ ಆಯ್ತು. ಲಕ್ಷಗಟ್ಟಲೆ ಪೀಸ್ ಮಾಡೋ ಕಡೆ ಆ ಒಂದಿಂಚು ಬಟ್ಟೆ ಬಿಡೋದು ಯಾರಿಗೂ ಗಿಟ್ಟಲ್ಲ. ಟೈಟ್ ಇರೋದನ್ನ ತಂದು "ಬಿಡಿಸಿಕೊಡಿ" ಅಂದರೆ ನಾನು ಏನು ಬಿಡಿಸಲಿ? ಸಡಿಲ ಇದ್ದರೆ ಪಕ್ಕ ಹಿಡಿದು ಕೊಡೋದು ಹತ್ತು ನಿಮಿಷದ ಕೆಲಸ.

ಆದರೆ "ಯಾವುದಕ್ಕೂ ದೊಡ್ಡದು" ಅಂತ ಮಾತ್ರ ಮಾಡಬೇಡಿ. ಎಲ್ಲ ಜಾಗವನ್ನೂ ಹಿಡಿದು ಹೊಲಿಯೋಕೆ ಆಗಲ್ಲ. ಪಕ್ಕ, ಉದ್ದ, ತೋಳಿನ ಉದ್ದ, ಪ್ಯಾಂಟಿನ ಕಾಲು, ಇವೆಲ್ಲ ಸುಲಭ. ಸೊಂಟ ಪರವಾಗಿಲ್ಲ. ಭುಜ, ಕಂಕುಳ ಸುತ್ತು, ಕತ್ತಿನ ಅಗಲ ಕಷ್ಟ. ತೋಳು ಪೂರ್ತಿ ಬಿಚ್ಚಿ ಮತ್ತೆ ಕೂರಿಸಬೇಕು, ಟಾಪಿಗೆ ಕೊಟ್ಟಷ್ಟೇ ದುಡ್ಡು ಕೂಲಿಗೂ ಹೋಗುತ್ತೆ. ಅದಕ್ಕೇ ನನ್ನ ಲೆಕ್ಕ ಇಷ್ಟು: ರಿಪೇರಿ ಮಾಡೋಕೆ ಕಷ್ಟ ಇರೋ ಜಾಗ ಯಾವುದೋ ಅದಕ್ಕೆ ಸೈಜ್ ಆರಿಸಿ, ಮಿಕ್ಕಿದ್ದನ್ನ ಟೈಲರಿಗೆ ಬಿಡಿ. ಬ್ಲೇಜರ್, ಜಾಕೆಟ್ಟಿಗೆ ಭುಜ ನೋಡಿ. ಕುರ್ತಿಗೆ ಎದೆ, ಸ್ಲಿಟ್ ಇಲ್ಲದ್ದಾದರೆ ಸೀಟೂ ನೋಡಿ. ಪ್ಯಾಂಟಿಗೆ ಸೀಟು ಮತ್ತು ತೊಡೆ. ಓವರ್‌ಸೈಜ್ ಅಂತಲೇ ಬರೆದಿದ್ದರೆ ನಿಮ್ಮ ಮಾಮೂಲಿ ಸೈಜೇ ಸಾಕು, ಅದನ್ನ ಅವರೇ ದೊಡ್ಡದು ಮಾಡಿರ್ತಾರೆ.

ಕಾಟನ್ ಒಗೆದರೆ ಕುಗ್ಗುತ್ತೆ. ನಿಟ್ ಕಾಟನ್ ಟೀ ಶರ್ಟ್ ಮೊದಲ ಒಗೆತದಲ್ಲಿ ಶೇಕಡಾ 5ರಷ್ಟು ಕುಗ್ಗಿದರೆ 26 ಇಂಚು ಉದ್ದದ್ದು 25ಕ್ಕಿಂತಲೂ ಗಿಡ್ಡ ಆಗುತ್ತೆ. ಪ್ರೀ ಶ್ರಂಕ್ (ಮೊದಲೇ ಕುಗ್ಗಿಸಿದ್ದು) ಅಂತ ಬರೆದಿದ್ದರೆ ಅಷ್ಟು ಹೆದರಬೇಕಿಲ್ಲ. ರೇಯಾನ್ ಕುರ್ತಿಗಳೂ ಚೆನ್ನಾಗಿ ಕುಗ್ತವೆ, ಬಿಸಿನೀರಿಗೆ ಹಾಕಬೇಡಿ. ಪಿಜಿ ಮಿಷನ್ನಲ್ಲಿ ಹಿಂದಿನವರು ಬಿಸಿನೀರಿಗೆ ಇಟ್ಟು ಹೋಗಿರ್ತಾರೆ, ಬಟನ್ ಒತ್ತೋ ಮುಂಚೆ ನೋಡಿ.

ರಿವ್ಯೂಗಳಲ್ಲಿ ಸ್ಟಾರ್ ನೋಡಬೇಡಿ, ಫೋಟೋ ನೋಡಿ. ಎತ್ತರ, ತೂಕ, ತಗೊಂಡ ಸೈಜ್ ಮೂರನ್ನೂ ಬರೆದವರ ಮಾತಿಗೆ ಬೆಲೆ ಇದೆ. ಬರೀ "ಸೈಜ್ ಚಿಕ್ಕದು" ಅನ್ನೋರು ಎಷ್ಟು ದಪ್ಪ ಇದ್ದಾರೋ ಯಾರಿಗೆ ಗೊತ್ತು. ಮಾಡೆಲ್ ಎತ್ತರ 5 ಅಡಿ 8 ಇಂಚು ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದರೆ, ಅವಳ ಮಂಡಿವರೆಗೆ ಬಂದಿರೋ ಡ್ರೆಸ್ಸು 5 ಅಡಿ 2 ಇಂಚಿನವರಿಗೆ ಮೀನಖಂಡಕ್ಕೆ ಬರುತ್ತೆ ಅಂತ ಲೆಕ್ಕ ಹಾಕಿಕೊಳ್ಳಿ. ಬಿಗಿಯಾಗಿ ಕಾಣೋ ಸೊಂಟದ ಹಿಂದೆ ಎಷ್ಟೋ ಸಲ ಪಿನ್ನೋ ಕ್ಲಿಪ್ಪೋ ಇರುತ್ತೆ.

ಎರಡು ಸೈಜ್ ತರಿಸಿ ಒಂದನ್ನ ವಾಪಸ್ ಕಳಿಸೋ ಅಭ್ಯಾಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಕೆಲವು ಆ್ಯಪ್‌ಗಳು ರಿಟರ್ನ್‌ಗೆ ದುಡ್ಡು ಹಿಡಿಯುತ್ತವೆ, ಒಳ ಉಡುಪನ್ನ ಬಹುತೇಕ ಯಾರೂ ವಾಪಸ್ ತಗೊಳ್ಳಲ್ಲ. ಆರ್ಡರ್ ಒತ್ತೋ ಮುಂಚೆ ಆ ಪುಟ ಓದಿ. ಹಾಕಿ ನೋಡಿ, ಕೂತು ಎದ್ದು, ಕೈ ಎತ್ತಿ ನೋಡಿ, ಇಟ್ಟುಕೊಳ್ತೀನಿ ಅಂತ ಗಟ್ಟಿ ಆಗೋವರೆಗೆ ಟ್ಯಾಗ್ ಕೀಳಬೇಡಿ. ಆಲ್ಟರ್ ಮಾಡಿಸಿದ ಮೇಲೆ ರಿಟರ್ನ್ ಇಲ್ಲ.

ಪಾರ್ಟಿ ಡ್ರೆಸ್ಸು ಮಾತ್ರ ಆನ್‌ಲೈನ್ ಬೇಡ. ಒಂದು ವಾರದಲ್ಲಿ ಅದು ಬಂದು, ಸರಿಹೋಗದೆ ವಾಪಸ್ ಹೋಗಿ, ಬೇರೆ ಸೈಜ್ ಬರೋ ಹೊತ್ತಿಗೆ ಪಾರ್ಟಿ ಮುಗಿದಿರುತ್ತೆ. ಈ ಬ್ರ್ಯಾಂಡುಗಳಲ್ಲಿ ಹೆಚ್ಚಿನವಕ್ಕೆ ಬೆಂಗಳೂರಿನ ಮಾಲುಗಳಲ್ಲೇ ಅಂಗಡಿ ಇದೆ. ವಾರದ ದಿನ ಸಂಜೆ ಹೋದರೆ ಟ್ರಯಲ್ ರೂಮಿಗೆ ಕ್ಯೂ ಕಮ್ಮಿ. ಮೂರು ಸೈಜೂ ಹಾಕಿ ನೋಡಿ, ಪಾರ್ಟಿಗೆ ಹಾಕೋ ಚಪ್ಪಲಿಯನ್ನೇ ಹಾಕ್ಕೊಂಡು ಹೋಗಿ, ಇಲ್ಲದಿದ್ದರೆ ಉದ್ದದ ಅಂದಾಜು ತಪ್ಪುತ್ತೆ. ಪಕ್ಕ ಹಿಡಿಸೋದಿದ್ದರೆ ಎರಡು ದಿನ ಮುಂಚೆ ಟೈಲರಿಗೆ ಕೊಡಿ, ಹಿಂದಿನ ರಾತ್ರಿ ಬಂದು ನಿಂತರೆ ಯಾರೂ ಮಾಡಿಕೊಡಲ್ಲ.