ಎಕ್ಸ್-ರೇಯಲ್ಲಿ ಕಾಣದ ನಾಲ್ಕನೆಯ ನಾಳ

“ಎಕ್ಸ್-ರೇ ಸರಿಯಾಗಿದೆ, ನೋವು ಮಾತ್ರ ಹೋಗಿಲ್ಲ” ಎಂಬ ಪತ್ರಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿರುವುದರಿಂದ ಈ ಬಾರಿ ಅಂಥ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಮೇಲಿನ ಮೊದಲ ದವಡೆಹಲ್ಲಿಗೆ ಕಳೆದ ವರ್ಷ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದೆ. ಈಗಲೂ ಅಗಿದರೆ ನೋಯುತ್ತದೆ. ಬೇರುಗಳೊಳಗಿನ ಮೂರೂ ನಾಳಗಳು ತುಂಬಿವೆ ಎಂದು ಮೊದಲಿನ ವೈದ್ಯರು ಎಕ್ಸ್-ರೇ ತೋರಿಸುತ್ತಾರೆ. ಇನ್ನೊಬ್ಬರು ಸಿಬಿಸಿಟಿ (ಹಲ್ಲನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್-ರೇ) ಸ್ಕ್ಯಾನ್ ನೋಡಿ ನಾಲ್ಕನೆಯ ನಾಳ ಉಳಿದಿದೆ ಎನ್ನುತ್ತಾರೆ. ನನಗೆ ಮೋಸವಾಯಿತೆ? ಹಲ್ಲು ಕೀಳಿಸಿಬಿಡಲೆ?

ಉತ್ತರ: ಕೀಳಿಸಬೇಡಿ. ಮೋಸದ ಮಾತನ್ನೂ ಸದ್ಯಕ್ಕೆ ಬದಿಗಿಡಿ. ಆ ಹಲ್ಲಿಗೆ ಸಾಮಾನ್ಯವಾಗಿ ಕೆನ್ನೆಯ ಕಡೆ ಎರಡು, ಅಂಗುಳಿನ ಕಡೆ ಒಂದು, ಹೀಗೆ ಮೂರು ಬೇರುಗಳಿರುತ್ತವೆ. ಆದರೆ ಮೂರು ಬೇರಿದ್ದರೆ ಮೂರೇ ನಾಳ ಎಂಬ ಲೆಕ್ಕ ತಪ್ಪು. ಕೆನ್ನೆಯ ಕಡೆಯ ಮುಂದಿನ ಬೇರು ಚಪ್ಪಟೆಯಾಗಿದ್ದು, ಕೆನ್ನೆಯಿಂದ ಅಂಗುಳಿನತ್ತ ಅಗಲವಾಗಿರುತ್ತದೆ, ಮತ್ತು ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದರೊಳಗೆ ಎರಡನೆಯ ನಾಳವೊಂದು ಇರುತ್ತದೆ. ಅದರ ಬಾಯಿ ಮುಖ್ಯ ನಾಳದಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ, ದಂತದ್ರವ್ಯದ, ಅಂದರೆ ಹಲ್ಲಿನ ಗಟ್ಟಿ ಒಳಪದರದ, ತೆಳುವಾದ ಅಂಚಿನ ಕೆಳಗೆ ಅಡಗಿರುತ್ತದೆ. 1984ರಲ್ಲೇ ಅಮೆರಿಕದ ದಂತವೈದ್ಯ ಫ್ರ್ಯಾಂಕ್ ವರ್ಟುಚಿ ಅವರು 2,400 ಹಲ್ಲುಗಳನ್ನು ಪಾರದರ್ಶಕಗೊಳಿಸಿ, ನಾಳಗಳಿಗೆ ಬಣ್ಣ ತುಂಬಿ, ಅವುಗಳ ಹಾದಿಯನ್ನು 8 ಬಗೆಗಳಾಗಿ ವಿಂಗಡಿಸಿದ್ದಾರೆ. ಆದ್ದರಿಂದ “ನಿಮ್ಮ ಹಲ್ಲೇ ವಿಚಿತ್ರ” ಎಂಬ ಸಮಾಧಾನವನ್ನು ಯಾರಿಂದಲೂ ಒಪ್ಪಿಕೊಳ್ಳಬೇಡಿ.

ಸಾಮಾನ್ಯ ಎಕ್ಸ್-ರೇ ಒಂದು ನೆರಳು. ಕಿರಣ ಕೆನ್ನೆಯ ಕಡೆಯಿಂದ ಹಾಯುವುದರಿಂದ, ಒಂದರ ಹಿಂದೆ ಒಂದು ನಿಂತ ಎರಡು ನಾಳಗಳು ಒಂದೇ ಗೆರೆಯಾಗಿ ಬೀಳುತ್ತವೆ. ಸಾಲದೆಂಬಂತೆ ಕೆನ್ನೆಮೂಳೆಯ ನೆರಳೂ ಬೇರಿನ ತುದಿಯನ್ನು ಮುಚ್ಚುತ್ತದೆ. ಕಿರಣವನ್ನು 20 ಡಿಗ್ರಿಯಷ್ಟು ಓರೆ ಮಾಡಿ ಇನ್ನೊಂದು ಚಿತ್ರ ತೆಗೆದರೆ ಎಷ್ಟೋ ಬಾರಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟುಬಿಡುವ ನನ್ನ ಸಹೋದ್ಯೋಗಿಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಸ್ಕ್ಯಾನ್‌ನಲ್ಲಿ ಬೇರನ್ನು ಸೌತೆಕಾಯಿ ಬಿಲ್ಲೆಯಂತೆ ಅಡ್ಡಲಾಗಿ ಕೊಯ್ದ ಚಿತ್ರವನ್ನು ತೋರಿಸುವಂತೆ ಕೇಳಿ. ಬೂದು ಬಣ್ಣದ ಉದ್ದುದ್ದನೆಯ ಬಿಲ್ಲೆಯ ನಡುವೆ ಇರಬೇಕಾದ ಬಿಳಿ ಚುಕ್ಕೆ, ಅಂದರೆ ತುಂಬಿದ ನಾಳ, ಕೆನ್ನೆಯ ಕಡೆಗೆ ಸರಿದಿದ್ದು, ಅಂಗುಳಿನ ಕಡೆ ಸಣ್ಣ ಕಪ್ಪು ಚುಕ್ಕೆಯೊಂದು ಕಂಡರೆ, ಅದೇ ಬಿಟ್ಟುಹೋದ ನಾಳವಿರಬಹುದು. ಆದರೆ ಲೋಹದ ಕ್ಯಾಪ್ ಮತ್ತು ನಾಳಕ್ಕೆ ತುಂಬಿದ ಪದಾರ್ಥ ಎರಡೂ ಸುತ್ತ ಸುಳ್ಳು ಕಪ್ಪುಗೆರೆಗಳನ್ನು ಮೂಡಿಸುವುದರಿಂದ, ಒಂದೇ ಬಿಲ್ಲೆಯನ್ನು ನೋಡಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಚುಕ್ಕೆ ಬಿಲ್ಲೆಯಿಂದ ಬಿಲ್ಲೆಗೆ ಬೇರಿನ ಉದ್ದಕ್ಕೂ ಮುಂದುವರಿದಿದ್ದು, ಅದೇ ಬೇರಿನ ತುದಿಯಲ್ಲಿ ಮೂಳೆ ಸವೆದಿದ್ದರೆ, ಸೂಕ್ಷ್ಮದರ್ಶಕ ಬಳಸುವ ಎಂಡೋಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞ) ಬಳಿ ಮರುಚಿಕಿತ್ಸೆ ಮಾಡಿಸಿ. ಬೇರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಸ್ಕ್ಯಾನ್‌ಗೂ ಅದು ಸಿಗದೆ ಹೋಗಬಹುದು. ಹಲ್ಲನ್ನು ತೆರೆದಾಗಲೇ ತಿಳಿಯುವ ಆ ಸಾಧ್ಯತೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಹಾಗಾದರೆ ಪ್ರತಿ ರೂಟ್ ಕೆನಾಲ್‌ಗೂ ಮೊದಲೇ ಸಿಬಿಸಿಟಿ ಮಾಡಿಸಬೇಕೆ?

ಉತ್ತರ: ಬೇಡ, ಅನಗತ್ಯ ವಿಕಿರಣ ಸಣ್ಣದಾದರೂ ಅನಗತ್ಯವೇ. ಬೇಕಾದಾಗಲೂ ಆ ಒಂದೆರಡು ಹಲ್ಲುಗಳಷ್ಟರದೇ ಸ್ಕ್ಯಾನ್ ಸಾಕು, ಇಡೀ ದವಡೆಯದಲ್ಲ.

ಪ್ರಶ್ನೆ: ಕೆಳಗಿನ ಎರಡನೆಯ ದವಡೆಹಲ್ಲಿನ ನಾಳ ಇಂಗ್ಲಿಷ್ ‘ಸಿ’ ಅಕ್ಷರದಂತಿದೆ ಎಂದರು. ಇದು ರೋಗವೆ?

ಉತ್ತರ: ಅಲ್ಲ. ಚೀನಾ, ಕೊರಿಯಾದವರಲ್ಲಿ ಹೆಚ್ಚು, ನಮ್ಮಲ್ಲೂ ಉಂಟು. ಶುಚಿಗೊಳಿಸಲು ಹೆಚ್ಚು ಹೊತ್ತು ಬೇಕು, ಆತುರಪಡಿಸಬೇಡಿ.

ಪ್ರಶ್ನೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆಯೆ?

ಉತ್ತರ: ಇಲ್ಲ. ದೃಷ್ಟಿಯ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಪ್ರಶ್ನೆ: ನೆಲಗುಳ್ಳದ ಬೀಜದ ಹೊಗೆ ಹಾಕಿಸಿದರೆ ಹಲ್ಲಿನ ಹುಳು ಉದುರುತ್ತದಂತೆ, ನಿಜವೆ?

ಉತ್ತರ: ಹಲ್ಲಿನಲ್ಲಿ ಹುಳುವೇ ಇಲ್ಲ, ಉದುರುವುದು ಎಲ್ಲಿಂದ? ಹುಳುಕು ಬ್ಯಾಕ್ಟೀರಿಯಾದ ಕೆಲಸ. ಹೊಗೆ ಹಾಕುವವರನ್ನು ನಂಬಿ ವಾರಗಟ್ಟಲೆ ಕಾದು, ಕೀವು ಕತ್ತಿಗಿಳಿದ ಮೇಲೆ ಬಾಯಿ ತೆರೆಯಲೂ ಆಗದೆ ಬಂದವರನ್ನು ನಾನು ನೋಡಿದ್ದೇನೆ. ಮುಖ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.