ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ಎಕೋ ಟೆಕ್ನಿಷಿಯನ್ ಕೆಲಸ ನಿಜಕ್ಕೂ ಹೇಗಿರುತ್ತದೆ?

ಖಾಸಗಿ ಕೇಂದ್ರವೊಂದರಲ್ಲಿ ಕೆಲವು ವರ್ಷ ಎಕೋ, ಅಂದರೆ ಶಬ್ದತರಂಗದಿಂದ ಹೃದಯವನ್ನು ನೋಡುವ ಪರೀಕ್ಷೆ, ಮಾಡಿರುವ ನಿಮಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿರಿಯ ಟೆಕ್ನಿಷಿಯನ್ ಹುದ್ದೆ ಸಿಗುವಂತಿದೆ; ಅಲ್ಲಿನ ಕೆಲಸವೇ ಬೇರೆಯೋ, ಇಲ್ಲ ಈಗ ಮಾಡುತ್ತಿರುವುದನ್ನೇ ಇನ್ನಷ್ಟು ಜನರಿಗೆ ಮಾಡಬೇಕೋ ಎಂದು ಕೇಳಿದ್ದೀರಿ. ಬಹಳ ಕಾಲದಿಂದ ಅಂಥದೇ ಹುದ್ದೆಯಲ್ಲಿರುವ ನಾನು ಹೇಳುವುದಾದರೆ, ಕೆಲಸ ಬೇರೆಯೇ. ಎದೆಯ ಮೇಲಿಟ್ಟು ನೋಡುವ ಪ್ರೋಬ್ ಅದೇ, ನೋಡುವ ಕವಾಟಗಳೂ ಅವೇ. ಆದರೆ ಬಾಗಿಲ ಹೊರಗೆ ಕರಗದ ಸಾಲು ಕುಳಿತಿರುವಾಗ ಯಾರಿಗೆ ಎಷ್ಟು ಸಮಯ ಕೊಡಬೇಕೆಂದು ತೀರ್ಮಾನಿಸುವುದು, ಮತ್ತು ಆ ಆತುರದಲ್ಲಿ ಅಳೆದ ತಪ್ಪು ಅಂಕಿಯೊಂದು ರಿಪೋರ್ಟಿನೊಳಗೆ ಸೇರದಂತೆ ನೋಡಿಕೊಳ್ಳುವುದು, ಇವೆರಡೇ ಹಿರಿಯರ ನಿಜವಾದ ಕೆಲಸ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದು ಬೆಳಿಗ್ಗೆಯೇ ಶುರುವಾಗುತ್ತದೆ. ವಾರ್ಡುಗಳಿಂದಲೂ ಒಪಿಡಿಯಿಂದಲೂ ಬರುವ ಚೀಟಿಗಳಲ್ಲಿ ಅನೇಕವು ಬರೀ ‘ಎಕೋ’ ಎಂದಿರುತ್ತವೆ. ಏಕೆ ಬೇಕು ಎಂಬುದು ಇರುವುದಿಲ್ಲ. ವಾರ್ಡಿಗೆ ಫೋನ್ ಮಾಡಿ ಕಾರಣ ಕೇಳಿ ಬರೆದುಕೊಳ್ಳುವುದನ್ನು ಸಮಯ ಹಾಳು ಎಂದು ಭಾವಿಸಬೇಡಿ, ಏಕೆಂದರೆ ಇಡೀ ದಿನದ ಲೆಕ್ಕ ನಿಂತಿರುವುದು ಅದರ ಮೇಲೆಯೇ. ಹೃದಯದ ಸುತ್ತ ನೀರು ತುಂಬಿದೆಯೇ ಎಂಬ ಒಂದೇ ಪ್ರಶ್ನೆಗೆ ಹತ್ತು ನಿಮಿಷ ಸಾಕು. ಕವಾಟದ ಕಾಯಿಲೆಯ ಪೂರ್ಣ ಪರೀಕ್ಷೆಗೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಉಸಿರಾಡಲು ಕಷ್ಟಪಡುತ್ತಿರುವ ಗರ್ಭಿಣಿಯ ಚೀಟಿ ಸಾಲಿನಲ್ಲಿ ಎಷ್ಟೇ ಹಿಂದಿದ್ದರೂ ಅದನ್ನು ಮುಂದಕ್ಕೆ ತರುತ್ತೇನೆ: ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟ ಕಿರಿದಾಗಿದ್ದರೂ ವರ್ಷಗಟ್ಟಲೆ ಏನೂ ತಿಳಿಯದೆ ಇದ್ದು, ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣವೂ ನಾಡಿಯ ವೇಗವೂ ಏರಿದಾಗಲೇ ಅದು ಬೆಳಕಿಗೆ ಬರುವುದುಂಟು. ಬೇರೆ ಶಸ್ತ್ರಚಿಕಿತ್ಸೆಗೆ ಮುನ್ನ ‘ಫಿಟ್‌ನೆಸ್‌’ಗಾಗಿ ಬಂದ, ಯಾವ ತೊಂದರೆಯೂ ಇಲ್ಲದವರು ಸ್ವಲ್ಪ ಕಾಯಬಹುದು. ಅವರಿಗೆ ಸಿಟ್ಟು ಬರುತ್ತದೆ. ಕಾರಣವನ್ನು ಎದುರಿಗೇ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಎರಡನೆಯದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ವಯಸ್ಸಾದವರೊಬ್ಬರು, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ಒಮ್ಮೆ ಕಣ್ಣು ಕತ್ತಲಿಟ್ಟು ಬಿದ್ದಿದ್ದೆ ಎನ್ನುತ್ತ ಬಂದಿದ್ದರು. ನಮ್ಮ ಕಿರಿಯ ಸಹೋದ್ಯೋಗಿ ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯ ಕಡೆಯಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ಹಾಕಿ, ಹೃದಯದಿಂದ ಮಹಾಪಧಮನಿಗೆ ತೆರೆಯುವ ಅಯೋರ್ಟಿಕ್ ಕವಾಟದ ಮೂಲಕ ರಕ್ತ ಚಿಮ್ಮುವ ವೇಗ ಸೆಕೆಂಡಿಗೆ 3.4 ಮೀಟರ್ ಎಂದು ಅಳೆದಿದ್ದರು. ಆ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಕವಾಟದ ಎರಡೂ ಬದಿಯ ಒತ್ತಡದ ವ್ಯತ್ಯಾಸ ಸಿಗುತ್ತದೆ; ಇಲ್ಲಿ ಅದು ಸುಮಾರು 46 ಮಿಲಿಮೀಟರ್ ಪಾದರಸ, ಅಂದರೆ ಕಾಯಿಲೆ ಮಧ್ಯಮ ದರ್ಜೆಯದು. ಅಳತೆಯ ವಿಧಾನದಲ್ಲಿ ದೋಷವಿರಲಿಲ್ಲ. ಆದರೆ ಚಿತ್ರದಲ್ಲಿ ಆ ಕವಾಟ ಸುಣ್ಣಗಟ್ಟಿ ದಪ್ಪವಾಗಿತ್ತು, ಅದರ ಎಸಳುಗಳು ಅಲುಗುತ್ತಿದ್ದವೇ ಹೊರತು ತೆರೆಯುತ್ತಿರಲಿಲ್ಲ. ಕಣ್ಣಿಗೆ ಕಂಡದ್ದಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದೇ ಅರ್ಥ.

ಅವರನ್ನು ಬಲಮಗ್ಗುಲಿಗೆ ತಿರುಗಿಸಿ, ಪೆನ್ಸಿಲ್ ಪ್ರೋಬನ್ನು ಎದೆಮೂಳೆಯ ಬಲ ಅಂಚಿನಲ್ಲಿ, ಮೇಲಿನ ಪಕ್ಕೆಲುಬುಗಳ ಸಂದಿನಲ್ಲಿಟ್ಟು ಹುಡುಕಿದೆವು. ಆ ಪ್ರೋಬಿನಲ್ಲಿ ಚಿತ್ರ ಕಾಣುವುದಿಲ್ಲ. ಕಿವಿಗೆ ಬೀಳುವ ಶಬ್ದವೂ ಪರದೆಯ ಮೇಲಿನ ಅಲೆಯ ಆಕಾರವೂ ಮಾತ್ರ ದಾರಿ ತೋರಿಸುತ್ತವೆ. ಒಂದು ಜಾಗದಲ್ಲಿ ಗೊರಗೊರ ಶಬ್ದ ತೆಳ್ಳಗಾಗಿ ಸಿಳ್ಳೆಯಂತೆ ಏರಿತು. ಅಲ್ಲಿ ವೇಗ 4.3 ಮೀಟರ್. ಒತ್ತಡದ ವ್ಯತ್ಯಾಸ 74ರ ಹತ್ತಿರ. ನಾಲ್ಕು ಮೀಟರ್ ಮುಟ್ಟಿದ ಅಯೋರ್ಟಿಕ್ ಸ್ಟೆನೋಸಿಸ್, ಅಂದರೆ ಆ ಕವಾಟ ಕಿರಿದಾಗುವ ಕಾಯಿಲೆ, ತೀವ್ರ ದರ್ಜೆಯದು. ಅಷ್ಟು ಲಕ್ಷಣಗಳಿದ್ದ ಮೇಲೆ ಇನ್ನು ಚರ್ಚೆ ಕವಾಟ ಬದಲಾಯಿಸುವ ಕುರಿತೇ ಹೊರತು ಆರು ತಿಂಗಳು ಬಿಟ್ಟು ಬನ್ನಿ ಎನ್ನುವ ಕುರಿತಲ್ಲ. ಡಾಪ್ಲರ್ ಕಿರಣ ರಕ್ತದ ಹರಿವಿಗೆ ಸಮಾಂತರವಾಗಿಲ್ಲದಿದ್ದರೆ ವೇಗ ಯಾವಾಗಲೂ ಕಡಿಮೆಯೇ ಕಾಣುತ್ತದೆ: 20 ಡಿಗ್ರಿ ಓರೆಯಾದರೆ ನೂರಕ್ಕೆ ಆರರಷ್ಟು, 60 ಡಿಗ್ರಿ ಓರೆಯಾದರೆ ಅರ್ಧಕ್ಕರ್ಧ. ವೇಗವನ್ನು ವರ್ಗ ಮಾಡುವುದರಿಂದ ಆ ತಪ್ಪು ಒತ್ತಡದ ಲೆಕ್ಕದಲ್ಲಿ ಇನ್ನೂ ದೊಡ್ಡದಾಗುತ್ತದೆ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಮಿಟ್ರಲ್ ಕವಾಟದ ಸೋರಿಕೆಯ ಅಲೆಯನ್ನೇ ಅಯೋರ್ಟಿಕ್ ಅಲೆ ಎಂದು ತಿಳಿದರೆ ಇಲ್ಲದ ಕಾಯಿಲೆಯನ್ನು ಬರೆದಂತಾಗುತ್ತದೆ. ಸೋರಿಕೆಯ ಅಲೆ ಬೇಗ ಶುರುವಾಗಿ ತಡವಾಗಿ ಮುಗಿಯುತ್ತದೆ ಎಂಬುದನ್ನು ಇಸಿಜಿಯ ಜೊತೆಗಿಟ್ಟು ನೋಡಲು ಕಿರಿಯರಿಗೆ ಕಲಿಸಬೇಕು. ಸಾಲು ಉದ್ದವಿದ್ದ ದಿನ ಎಲ್ಲರೂ ಮೊದಲು ಬಿಟ್ಟುಬಿಡುವುದು ಈ ಬಲಬದಿಯ ಹುಡುಕಾಟವನ್ನೇ. ಬಿಡಲು ಒಪ್ಪದವರೊಬ್ಬರು ಆ ಕೋಣೆಯಲ್ಲಿ ಇರಲೇಬೇಕು, ಆ ಒಬ್ಬರು ನೀವಾಗಿರುತ್ತೀರಿ.

ಅಂದಹಾಗೆ, 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಜ್ ಅವರು ಲೋಹದೊಳಗಿನ ಬಿರುಕು ಪತ್ತೆ ಮಾಡುವ ಶಬ್ದತರಂಗದ ಯಂತ್ರವನ್ನು ಎರವಲು ತಂದು ಹೃದಯಕ್ಕೆ ಹಿಡಿದದ್ದರ ಹಿಂದೆಯೂ ಇಂಥದೇ ಪ್ರಶ್ನೆಯಿತ್ತು: ಶಸ್ತ್ರಚಿಕಿತ್ಸೆಗೆ ಮುನ್ನ ಮಿಟ್ರಲ್ ಕವಾಟದ ಸ್ಥಿತಿಯನ್ನು ಹೊರಗಿನಿಂದಲೇ ಅರಿಯುವುದು ಹೇಗೆ? ನಮ್ಮ ಅಳತೆಯನ್ನು ನಂಬಿ ಇನ್ನೊಬ್ಬರು ಎದೆ ತೆರೆಯುತ್ತಾರೆ ಎಂಬುದು ಇಂದಿಗೂ ಬದಲಾಗಿಲ್ಲ.

ಇನ್ನು ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಹೃದಯದ ಎಡ ಕೆಳಕೋಣೆಯಾದ ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ನೂರಕ್ಕೆ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಅಂಕಿ. ಎಲ್ಲರೂ ಕೇಳುವುದು ಇದೊಂದೇ ಅಂಕಿಯನ್ನು, ಎಲ್ಲರೂ ಅವಸರದಲ್ಲಿ ಅಂದಾಜಿಸುವುದೂ ಇದನ್ನೇ. ಹೃದಯಕ್ಕೆ ಹಾನಿ ಮಾಡಬಲ್ಲ ಡಾಕ್ಸೊರುಬಿಸಿನ್ ಅಥವಾ ಟ್ರಾಸ್ಟುಜುಮ್ಯಾಬ್ ಔಷಧ ಪಡೆಯುತ್ತಿರುವ ಕ್ಯಾನ್ಸರ್ ರೋಗಿಯಲ್ಲಿ ಅದು ಹಿಂದಿನದಕ್ಕಿಂತ ಹತ್ತು ಅಂಕ ಇಳಿದು ಸಾಮಾನ್ಯ ಮಟ್ಟಕ್ಕಿಂತ ಕೆಳಗೆ ಹೋದರೆ ಔಷಧವನ್ನೇ ನಿಲ್ಲಿಸುವ ಮಾತು ಬರಬಹುದು. ಆದರೆ ಇಬ್ಬರು ಟೆಕ್ನಿಷಿಯನ್ನರು ಒಂದೇ ಹೃದಯವನ್ನು ಅಳೆದಾಗಲೂ ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ ಬರಬಲ್ಲದು. ಪ್ರೋಬ್ ಒಂದು ಪಕ್ಕೆಲುಬು ಮೇಲಿದ್ದರೆ ನಿಜವಾದ ತುದಿ ಸಿಗದೆ ಎಡ ಹೃತ್ಕುಕ್ಷಿ ಗಿಡ್ಡವಾಗಿ ಕಾಣುತ್ತದೆ, ಅದರ ಸಂಕೋಚನ ಇರುವುದಕ್ಕಿಂತ ಚೆನ್ನಾಗಿದೆ ಎನಿಸುತ್ತದೆ. ಹಾಗಾಗಿ ನಮ್ಮಲ್ಲಿ ಇಂಥ ರೋಗಿಗಳಿಗೆ ಸಾಧ್ಯವಾದಷ್ಟು ಅದೇ ಯಂತ್ರ, ಅದೇ ಕೈ ಎಂಬ ನಿಯಮ ಮಾಡಿಕೊಂಡಿದ್ದೇವೆ. ಹಳೆಯ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಹೊಸದನ್ನು ಅಳೆಯುತ್ತೇವೆ. ನಾಡಿ ಅಂಕೆಯಿಲ್ಲದೆ ಓಡುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೆ ಕನಿಷ್ಠ ಐದು ಬಡಿತಗಳ ಸರಾಸರಿ ಬೇಕು. ಪ್ರತಿಯೊಬ್ಬರ ರಕ್ತದೊತ್ತಡವನ್ನೂ ಪರೀಕ್ಷೆಯ ಹೊತ್ತಿನಲ್ಲೇ ಬರೆದಿಡಬೇಕು, ಏಕೆಂದರೆ ಒತ್ತಡ ಏರಿದ್ದಾಗ ಮಿಟ್ರಲ್ ಸೋರಿಕೆ ದೊಡ್ಡದಾಗಿ ಕಾಣುತ್ತದೆ, ಇಳಿದಿದ್ದಾಗ ಚಿಕ್ಕದಾಗಿ. ಚಿತ್ರ ಸರಿಯಾಗಿ ಸಿಗದಿದ್ದರೆ ‘ಅಳೆಯಲು ತಕ್ಕ ಚಿತ್ರ ಸಿಗಲಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕವಾದ ರಿಪೋರ್ಟ್. ಕಿರಿಯರು ಇದಕ್ಕೆ ಹೆದರುತ್ತಾರೆ. ಅವರ ಬೆನ್ನಿಗೆ ನಿಲ್ಲುವುದು ನಿಮ್ಮ ಹೊಣೆ.

ರೋಗಿಗಳೊಂದಿಗಿನ ಮಾತು ಈ ಕೆಲಸದ ಅತ್ಯಂತ ಕಠಿಣ ಭಾಗವೆಂದು ನನಗೆ ಇಂದಿಗೂ ಅನಿಸುತ್ತದೆ. ಕತ್ತಲು ಕೋಣೆಯಲ್ಲಿ ಮಲಗಿದವರು ಪರದೆಯನ್ನಲ್ಲ, ನಮ್ಮ ಮುಖವನ್ನು ನೋಡುತ್ತಿರುತ್ತಾರೆ. “ಏನಾದರೂ ತೊಂದರೆ ಇದೆಯಾ ಅಮ್ಮಾ?” ಎಂದು ಕೇಳಿದಾಗ ರೋಗದ ಹೆಸರು ಹೇಳುವ ಅಧಿಕಾರ ನಮಗಿಲ್ಲ, ಸುಳ್ಳು ಧೈರ್ಯ ಹೇಳುವ ಹಕ್ಕೂ ಇಲ್ಲ. “ನಾನು ಅಳತೆಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದೇನೆ, ಡಾಕ್ಟರು ಎಲ್ಲವನ್ನೂ ಒಟ್ಟಿಗೆ ನೋಡಿ ನಿಮಗೆ ಹೇಳುತ್ತಾರೆ, ನಿಮ್ಮ ರಿಪೋರ್ಟ್ ಇವತ್ತೇ ಅವರ ಕೈಗೆ ಹೋಗುತ್ತದೆ” ಎನ್ನುತ್ತೇನೆ. ಹೇಳಿದ ಮೇಲೆ ಅದು ಅಂದೇ ಹೋಗುವಂತೆಯೂ ನೋಡಿಕೊಳ್ಳುತ್ತೇನೆ. ಕೆಲವು ಸಂಗತಿಗಳಿಗೆ ರಿಪೋರ್ಟ್ ಟೈಪ್ ಆಗುವವರೆಗೂ ಕಾಯುವಂತಿಲ್ಲ: ಸುತ್ತಲಿನ ನೀರಿನ ಒತ್ತಡಕ್ಕೆ ಬಲ ಹೃತ್ಕುಕ್ಷಿ ಒಳಕ್ಕೆ ಕುಸಿಯುತ್ತಿರುವುದು, ಮಹಾಪಧಮನಿಯ ಗೋಡೆ ಸೀಳಿರುವಂತೆ ಕಾಣುವುದು, ಹೃದಯದೊಳಗೆ ಓಲಾಡುವ ರಕ್ತದ ಗರಣೆ. ಆಗ ರೋಗಿಯನ್ನು ಹಾಸಿಗೆಯಿಂದ ಏಳಿಸದೆ ಹೃದ್ರೋಗ ತಜ್ಞರನ್ನು ಅಲ್ಲಿಗೇ ಕರೆಯಬೇಕು, ಯಾರಿಗೆ ಎಷ್ಟು ಗಂಟೆಗೆ ತಿಳಿಸಿದೆವೆಂದು ಬರೆದಿಡಬೇಕು.

ದೇಹದ ಮಾತನ್ನೂ ಹೇಳಿಬಿಡುತ್ತೇನೆ. ಭುಜ, ಕುತ್ತಿಗೆ, ಮಣಿಕಟ್ಟಿನ ನೋವು ಈ ವೃತ್ತಿಯಲ್ಲಿ ತೀರಾ ಸಾಮಾನ್ಯ. ಹಾಸಿಗೆಯ ಎತ್ತರ ಸರಿಪಡಿಸಿಕೊಳ್ಳಿ, ಪ್ರೋಬ್ ಹಿಡಿದ ತೋಳಿಗೆ ಆಸರೆ ಕೊಡಿ, ಐಸಿಯುವಿನಲ್ಲಿ ವೆಂಟಿಲೇಟರಿನ ಪಕ್ಕ ಬಗ್ಗಿ ಮಾಡುವ ಪರೀಕ್ಷೆಗಳೆಲ್ಲ ಒಬ್ಬರ ಪಾಲಿಗೇ ಬೀಳದಂತೆ ಡ್ಯೂಟಿ ಹಂಚಿ.

ಹುದ್ದೆ ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ. ಪಠ್ಯದಲ್ಲಷ್ಟೇ ಓದಿದ ಕಾಯಿಲೆಗಳನ್ನು ಅಷ್ಟು ವೈವಿಧ್ಯದಲ್ಲಿ, ಅಷ್ಟು ಮುಂದುವರಿದ ಹಂತದಲ್ಲಿ ಬೇರೆಲ್ಲೂ ನೋಡಲಾರಿರಿ. ನೀವು ಕೊಟ್ಟ ಹೆಚ್ಚುವರಿ ಹತ್ತು ನಿಮಿಷದಿಂದ ದಾರಿ ಬದಲಾಗುವ ಜನರೂ ಅಲ್ಲಿಯೇ ಹೆಚ್ಚು. ಆದರೆ ಸೇರುವ ಮೊದಲು ಅಲ್ಲಿಗೊಮ್ಮೆ ಹೋಗಿ ಮೂರು ವಿಷಯ ವಿಚಾರಿಸಿ. ಸಂದೇಹ ಬಂದಾಗ ಕರೆದರೆ ಬರುವ ಹೃದ್ರೋಗ ತಜ್ಞರಿದ್ದಾರೆಯೇ? ಯಂತ್ರ ಕೆಟ್ಟರೆ, ಹಾಸಿಗೆಯ ಚಕ್ರಕ್ಕೆ ಸಿಕ್ಕಿ ಪ್ರೋಬಿನ ಕೇಬಲ್ ಹಾಳಾದರೆ ದುರಸ್ತಿಯ ಒಪ್ಪಂದ ಚಾಲ್ತಿಯಲ್ಲಿದೆಯೇ? ಹಳೆಯ ಪರೀಕ್ಷೆಗಳ ಚಲಿಸುವ ಚಿತ್ರಗಳನ್ನು ಕಾಪಿಡುತ್ತಾರೆಯೇ, ಅಥವಾ ಮುದ್ರಿತ ಹಾಳೆಯಷ್ಟೇ ಉಳಿಯುತ್ತದೆಯೇ? ಮೂರನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ, ಚಿತ್ರಗಳನ್ನು ಕೂಡಿಡುವ ವ್ಯವಸ್ಥೆಯನ್ನು ಸೇರುವಾಗಲೇ ಲಿಖಿತವಾಗಿ ಕೇಳಿ. ಹಿಂದಿನ ಚಿತ್ರ ಇಲ್ಲದ ಕಡೆ ಇಂದಿನ ಅಂಕಿ ಏರಿತೋ ಇಳಿಯಿತೋ ಎಂದು ಹೇಳಲು ಯಾವ ಹಿರಿಯರಿಂದಲೂ ಆಗದು.